ಆರ್ಕಿಡ್‌ಗೆ ಹುಳ ಬಿದ್ದಿದೆ ಅನ್ನಿಸಿದರೆ: ಮೊದಲು ಎಲೆ ತಿರುಗಿಸಿ, ಆಮೇಲೆ ಔಷಧಿ

ನನ್ನ ಮೊದಲ ಆರ್ಕಿಡ್ ಸತ್ತದ್ದು ಹುಳದಿಂದ ಅಲ್ಲ, ನನ್ನಿಂದ. ಬಿಳಿ ಹೂವಿನ ಫಲೆನಾಪ್ಸಿಸ್. ಎಲೆ ಬುಡದಲ್ಲಿ ಹತ್ತಿಯಂಥದ್ದು ಏನೋ ಕಂಡಿತು, ಗಾಬರಿಯಾಯಿತು, ಸಿಂಕ್ ಕೆಳಗಿದ್ದ ಜಿರಳೆ ಸ್ಪ್ರೇ ತಂದು ಒಂದು ಗೇಣು ದೂರದಿಂದ ಚೆನ್ನಾಗಿ ಹೊಡೆದೆ. ಎರಡು ದಿನಕ್ಕೆ ಎಲೆಗಳು ಬೇಯಿಸಿದ ಬಸಳೆಯ ಹಾಗೆ ಜೋತುಬಿದ್ದವು. ವಾರಕ್ಕೆ ಗಿಡ ಹೋಯಿತು. ಆ ಹತ್ತಿಯಂಥ ಹುಳ, ಅಂದರೆ ಹಿಟ್ಟು ತಿಗಣೆ, ಮಾತ್ರ ಪಕ್ಕದ ಕುಂಡದಲ್ಲಿ ಆರಾಮಾಗಿತ್ತು. ಆ ಡಬ್ಬಿಯೊಳಗಿನ ದ್ರಾವಕ ಮತ್ತು ಗ್ಯಾಸು ಎಲೆಯನ್ನೇ ಸುಡುತ್ತವೆ ಅಂತ ಆಮೇಲೆ ಗೊತ್ತಾಯಿತು.

ಆವತ್ತಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಯಾರು ಬಂದಿದ್ದಾರೆ ಅಂತ ಗೊತ್ತಾಗುವವರೆಗೆ ಯಾವ ಬಾಟಲಿಯ ಮುಚ್ಚಳವನ್ನೂ ತೆಗೆಯುವುದಿಲ್ಲ. ಯಾಕೆಂದರೆ ಒಬ್ಬರಿಗೆ ಕೆಲಸ ಮಾಡುವ ಔಷಧಿ ಇನ್ನೊಬ್ಬರಿಗೆ ಏನೂ ಮಾಡುವುದಿಲ್ಲ. ನುಸಿಯನ್ನೇ ತಗೊಳ್ಳಿ, ಅದು ಕೀಟವೇ ಅಲ್ಲ, ಎಂಟು ಕಾಲಿನದು, ಜೇಡನ ಬಳಗ. ಅದಕ್ಕೆ ಕೀಟನಾಶಕ ಹೊಡೆದರೆ ಅದನ್ನು ತಿನ್ನುವ ಒಳ್ಳೆಯ ಹುಳಗಳು ಸಾಯುತ್ತವೆ, ನುಸಿ ಇನ್ನೂ ಜಾಸ್ತಿ ಆಗುತ್ತದೆ.

ಇದು ಮನೆಯೊಳಗೆ, ಬಾಲ್ಕನಿಯಲ್ಲಿ ನಾಲ್ಕೋ ಹತ್ತೋ ಆರ್ಕಿಡ್ ಇಟ್ಟುಕೊಂಡವರಿಗೆ. ನಾನಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ, ಹಾಗಾಗಿ ಹವಾಮಾನದ ಮಾತೆಲ್ಲ ಇಲ್ಲಿಯದು.

ಮೊದಲ ಹತ್ತು ನಿಮಿಷ, ಖರ್ಚಿಲ್ಲದ ಕೆಲಸ

ಅನುಮಾನ ಬಂದ ಗಿಡವನ್ನು ಉಳಿದವುಗಳಿಂದ ದೂರ ಇಡಿ. ಬೇರೆ ಕೋಣೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಕೊನೇ ಪಕ್ಷ ಎಲೆಗೆ ಎಲೆ ತಾಗದಷ್ಟು ದೂರ. ಹುಳಗಳು ಹರಡುವುದು ತಾಗಿಕೊಂಡಿರುವ ಎಲೆಗಳ ಮೇಲೆ ನಡೆದು, ಫ್ಯಾನ್ ಗಾಳಿಯಲ್ಲಿ, ಮತ್ತು ನಮ್ಮ ಕೈಯಲ್ಲಿ. ಅದಕ್ಕೇ ಕಾಯಿಲೆ ಗಿಡವನ್ನು ಕೊನೆಗೆ ಮುಟ್ಟಿ, ಕೈ ತೊಳೆಯಿರಿ.

ಆಮೇಲೆ ಮೊಬೈಲ್ ಟಾರ್ಚ್ ಹಚ್ಚಿ ನೋಡಿ. ಎಲೆಯ ಮೇಲಲ್ಲ, ಕೆಳಗೆ. ನಡುನರದ ಗುಂಟ. ಎಲೆ ಕಾಂಡಕ್ಕೆ ಸೇರುವ ಸಂದಿ. ಹೂವಿನ ಹಿಂಭಾಗ. ಕುಂಡದ ಅಂಚಿನ ಒಳಮಗ್ಗುಲು, ತಳದ ತೂತು. ಕ್ಯಾಟ್ಲಿಯಾ, ಆನ್ಸಿಡಿಯಂ ಥರದವಾದರೆ ಗಡ್ಡೆ ಮೇಲಿನ ಒಣಗಿದ ಸಿಪ್ಪೆಯ ಒಳಗೆ. ಮೊಬೈಲ್ ಕ್ಯಾಮೆರಾದಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಅರ್ಧ ಕೇಸುಗಳು ಅಲ್ಲೇ ಗೊತ್ತಾಗುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಒಂದು ತೆಗೆದುಕೊಂಡರೆ ಬಾಕಿ ಅರ್ಧವೂ.

ಇನ್ನೆರಡು ಪರೀಕ್ಷೆ. ಬಿಳಿ ಟಿಶ್ಯೂ ಒದ್ದೆ ಮಾಡಿ ಎಲೆಯ ಕೆಳಭಾಗ ಒರೆಸಿ. ಬರೀ ಧೂಳಾದರೆ ಬೂದು ಬಣ್ಣ, ನುಸಿ ಇದ್ದರೆ ತುಕ್ಕಿನಂಥ ಕೆಂಪು-ಕಂದು ಗೆರೆ. ಎರಡನೆಯದು, ಬಿಳಿ ಹಾಳೆ ಹಿಡಿದು ಎಲೆಯನ್ನೋ ಹೂವನ್ನೋ ಅದರ ಮೇಲೆ ತಟ್ಟಿ, ಒಂದು ನಿಮಿಷ ಸುಮ್ನೆ ನೋಡಿ. ಬಿದ್ದ ಚುಕ್ಕೆ ನಡೆಯಲು ಶುರು ಮಾಡಿದರೆ ಅದು ಧೂಳಲ್ಲ ಅಲ್ವಾ.

ಬಿಳಿ ಏನೋ ಇದೆ, ಅಂಟು ಏನೋ ಇದೆ, ಆದರೆ ಹುಳ ಕಾಣುತ್ತಿಲ್ಲ

ಹುಳವೇ ಇಲ್ಲದಿರಬಹುದು. ಬೋರ್‌ವೆಲ್ ನೀರು ಚಿಮುಕಿಸುವ ಮನೆಗಳಲ್ಲಿ ಎಲೆ ಮೇಲೆ ಬಿಳಿ ಕಲೆ ಕೂರುತ್ತದೆ, ಗೀಸರ್ ಕಾಯಿಲ್ ಮೇಲೆ ಕಟ್ಟುವ ಅದೇ ಸುಣ್ಣ. ಉಗುರಿನಿಂದ ಕೆರೆದರೆ ಪುಡಿಯಾಗುತ್ತದೆ, ನಿಂಬೆರಸ ಹಚ್ಚಿದ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಹಿಟ್ಟು ತಿಗಣೆಯಾದರೆ ಒತ್ತಿದಾಗ ಪಚ್ಚೆಂದು ಒಡೆದು ತೇವ ಬಿಡುತ್ತದೆ.

ಕುಂಡದಿಂದ ಹೊರಗೆ ಬಂದ ಬೇರು ಬೆಳ್ಳಗಿದ್ದರೆ ಅದು ಬೂಷ್ಟೂ ಅಲ್ಲ, ಹುಳವೂ ಅಲ್ಲ. ಆರ್ಕಿಡ್ ಬೇರೇ ಹಾಗೆ. ನೀರು ಹಾಕಿದ ಕೂಡಲೇ ಹಸಿರಾಗುತ್ತದೆ, ನೋಡಿ. ಬೇರಿಗೆ ರೋಗ ಬಂದಿದೆ ಅಂತ ಎಲ್ಲವನ್ನೂ ಕತ್ತರಿಸಿ ಹಾಕಿದ ಒಬ್ಬರನ್ನು ನಾನು ಬಲ್ಲೆ.

ಇನ್ನು ಅಂಟು. ಮೊಗ್ಗಿನ ಬುಡದಲ್ಲಿ, ಹೂದಂಡದ ಮೇಲೆ ಗಾಜಿನ ಮಣಿಯಂಥ ಸ್ವಚ್ಛ ಹನಿ ಒಂದೆರಡು ನಿಂತಿದ್ದರೆ ಅದನ್ನು ಗಿಡವೇ ಸುರಿಸುತ್ತದೆ. ಕ್ಯಾಟ್ಲಿಯಾ, ಫಲೆನಾಪ್ಸಿಸ್‌ನಲ್ಲಿ ಇದು ಮಾಮೂಲು. ಒರೆಸಿದರೆ ಸಾಕು. ಬಿಟ್ಟರೆ ಇರುವೆ ಬರುತ್ತದೆ, ಇರುವೆ ಹಿಂದೆ ಬೇರೆಯವರು ಬರುತ್ತಾರೆ.

ಮೊಗ್ಗು ಹಳದಿಯಾಗಿ ಉದುರಿದರೂ ಮೊದಲು ಜಾಗದ ಕಡೆ ನೋಡಿ. ಗಿಡ ಹೊಸದಾಗಿ ಮನೆಗೆ ಬಂದದ್ದಾ, ಏಸಿ ಗಾಳಿ ನೇರ ಬೀಳುತ್ತಿದೆಯಾ, ಪಕ್ಕದಲ್ಲಿ ಬಾಳೆಹಣ್ಣಿನ ಬುಟ್ಟಿ ಇದೆಯಾ? ಹಣ್ಣು ಬಿಡುವ ಎಥಿಲೀನ್ ಗಾಳಿಗೇ ಮೊಗ್ಗು ಉದುರುತ್ತದೆ.

ಎಲೆ ಅಂಟಂಟು, ಕೆಳಗಿನ ಎಲೆ ಮೇಲೆ ಕಪ್ಪು ಮಸಿ, ಇರುವೆ ಸಾಲು

ಇದು ನಿಜವಾದ ಸುಳಿವು. ಹನಿಯಾಗಿ ನಿಲ್ಲದೆ, ಸಕ್ಕರೆ ಪಾಕ ಎರಚಿದ ಹಾಗೆ ಎಲೆ ತುಂಬ ಅಂಟು ಹರಡಿದೆ ಅಂದರೆ ಮೇಲೆ ಎಲ್ಲೋ ರಸ ಹೀರುವವರು ಕೂತಿದ್ದಾರೆ. ಅವು ಹೀರಿ ಬಿಟ್ಟ ಸಿಹಿ ದ್ರವ ಅದು. ಆ ಸಿಹಿ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ, ಅದೇ ಮಸಿ. ಮಸಿ ಗಿಡದ ಒಳಗೆ ಹೋಗುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಅದಕ್ಕೆ ಶಿಲೀಂಧ್ರನಾಶಕ ತಂದು ದುಡ್ಡು ಕಳೆಯಬೇಡಿ.

ಅಂಟು ಬಿಡುವವರು ಮೂವರು: ಗಿಡದ ಹೇನು, ಹಿಟ್ಟು ತಿಗಣೆ, ಮೆತ್ತನೆ ಚಿಪ್ಪು ಹುಳು. ಗಟ್ಟಿ ಚಿಪ್ಪಿನ ಹುಳು, ನುಸಿ, ಹೂವಿನೊಳಗೆ ಅಡಗುವ ಥ್ರಿಪ್ಸ್ ಇವು ಅಂಟು ಬಿಡುವುದಿಲ್ಲ. ಈ ಒಂದು ವ್ಯತ್ಯಾಸ ನೆನಪಿಟ್ಟುಕೊಂಡರೆ ಹುಡುಕಾಟ ಅರ್ಧ ಕಡಿಮೆ.

ಇರುವೆ ಸಾಲಿನ ಹಿಂದೆ ಹೋಗಿ, ಅದೇ ತೋರಿಸಿಕೊಡುತ್ತದೆ. ಸಿಹಿಗೋಸ್ಕರ ಇರುವೆ ಈ ಹುಳಗಳನ್ನು ದನ ಕಾದ ಹಾಗೆ ಕಾಯುತ್ತದೆ, ಅವುಗಳ ಶತ್ರುಗಳನ್ನು ಓಡಿಸುತ್ತದೆ. ಹಾಗಾಗಿ ಇರುವೆ ನಿಲ್ಲದೆ ತಿಗಣೆ ನಿಲ್ಲುವುದಿಲ್ಲ. ಕುಂಡದೊಳಗೇ ಗೂಡು ಮಾಡಿದ್ದರೆ ಕುಂಡವನ್ನು ಬಕೆಟ್ ನೀರಲ್ಲಿ ಒಂದೆರಡು ಗಂಟೆ ಮುಳುಗಿಸಿ, ಗಿಡದ ಸುಳಿ ಮಾತ್ರ ನೀರಿನ ಮೇಲಿರಲಿ. ಮೊಟ್ಟೆ ಕಚ್ಚಿಕೊಂಡು ಹೊರಗೆ ಓಡುತ್ತವೆ. ಆಮೇಲೆ ಸ್ಟ್ಯಾಂಡಿನ ಕಾಲುಗಳನ್ನು ಸೋಪು ನೀರಿನ ಬಟ್ಟಲಲ್ಲಿ ಇಡಿ, ಅಜ್ಜಿ ಬೆಲ್ಲದ ಡಬ್ಬಿ ಇಡುತ್ತಿದ್ದ ಹಾಗೆ. ವಾರಕ್ಕೊಮ್ಮೆ ಆ ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತಾಗುತ್ತದೆ.

ಹೇನಾದರೆ ಸುಲಭ. ಹೂದಂಡದ ತುದಿಯಲ್ಲಿ, ಎಳೆ ಮೊಗ್ಗಿನ ಸುತ್ತ ಗುಂಪಾಗಿ ಕೂತಿರುತ್ತದೆ, ಪಕ್ಕದಲ್ಲಿ ಕಳಚಿದ ಬಿಳಿ ಪೊರೆ ಬಿದ್ದಿರುತ್ತದೆ. ಬಚ್ಚಲಿಗೆ ಒಯ್ದು ದಂಡವನ್ನು ಕೈಯಲ್ಲಿ ಹಿಡಿದು ನೀರಿನ ಧಾರೆ ಬಿಡಿ. ಮೂರು ದಿನ ಬಿಟ್ಟು ಮತ್ತೆ. ಬಹಳ ಸಲ ಇಷ್ಟಕ್ಕೇ ಮುಗಿಯುತ್ತದೆ.

ಎಲೆ ಸಂದಿಯಲ್ಲಿ ಬಿಳಿ ಹತ್ತಿ

ಹಿಟ್ಟು ತಿಗಣೆ. ಮನೆಯೊಳಗಿನ ಆರ್ಕಿಡ್‌ಗೆ ಇದಕ್ಕಿಂತ ದೊಡ್ಡ ತಲೆನೋವು ಇಲ್ಲ ಅಂತ ನನ್ನ ಅಭಿಪ್ರಾಯ, ಯಾಕೆಂದರೆ ಇದು ಕಾಣುವುದಕ್ಕಿಂತ ಅಡಗಿರುವುದೇ ಜಾಸ್ತಿ. ನೀವು ಎಲೆ ಮೇಲೆ ಎರಡು ನೋಡಿದಿರಿ ಅಂದರೆ ಸಿಪ್ಪೆಯೊಳಗೆ, ಬೇರಿನ ನಡುವೆ, ಕುಂಡದ ಅಂಚಿನ ಕೆಳಗೆ ಇನ್ನೂ ಇವೆ ಅಂತಲೇ ಇಟ್ಟುಕೊಳ್ಳಿ. ಹತ್ತಿಯಂಥ ಆ ಚೀಲದಲ್ಲಿ ನೂರಾರು ಮೊಟ್ಟೆ ಇರುತ್ತವೆ. ಮೈಮೇಲೆ ಮೇಣ ಇರುವುದರಿಂದ ಹಾಕಿದ ನೀರು ಜಾರಿಹೋಗುತ್ತದೆ.

ಒಂದು ವಿನಾಯಿತಿ ಇದೆ. ಬಾಲ್ಕನಿಯಲ್ಲಿ ಮೇಣದ ಉದ್ದ ಕುಚ್ಚುಗಳಿರುವ, ಸ್ವಲ್ಪ ದೊಡ್ಡ 'ತಿಗಣೆ' ಒಂದು ಸರಸರ ಓಡುತ್ತಿದ್ದರೆ ಕೊಲ್ಲಬೇಡಿ. ಅದು ತಿಗಣೆಯನ್ನೇ ತಿನ್ನುವ ಗುಲಗಂಜಿ ಹುಳದ ಮರಿ. ಕಾಫಿ ಗಿಡದ ಕೀಟಕ್ಕೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತಂದ ಜಾತಿ. ತಿಗಣೆ ಯಾವತ್ತೂ ಓಡುವುದಿಲ್ಲ, ಅದಕ್ಕೆ ಸೋಮಾರಿತನ.

ಚಿಕಿತ್ಸೆ ಹೀಗೆ. ಮೆಡಿಕಲ್ ಶಾಪಿನಲ್ಲಿ 70% ಐಸೋಪ್ರೊಪೈಲ್ ಆಲ್ಕೋಹಾಲ್ ಅಂತ ಲೇಬಲ್ ಇರುವ ಸ್ಪಿರಿಟ್ ಕೇಳಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ ಬೇಡ, ಅದರಲ್ಲಿ ಗ್ಲಿಸರಿನ್, ಸುವಾಸನೆ ಎಲ್ಲ ಇರುತ್ತದೆ. ಒಂದು ಎಲೆಯ ತುದಿಗೆ ಹಚ್ಚಿ ಎರಡು ದಿನ ಕಾಯಿರಿ. ಕಲೆ ಬೀಳದಿದ್ದರೆ ಇಯರ್ ಬಡ್ ಅದ್ದಿ ಒಂದೊಂದೇ ತಿಗಣೆಗೆ ತಾಗಿಸಿ. ತಾಗಿದ ಕೂಡಲೇ ಬಿಳಿ ಮೇಣ ಕರಗಿ ಒಳಗಿನ ಹಳದಿ-ಗುಲಾಬಿ ಮೈ ಕಾಣುತ್ತದೆ. ಅಲ್ಲಿಗೆ ಅದರ ಕತೆ ಮುಗಿಯಿತು. ಬಡ್ ಹೋಗದ ಸಂದಿಗೆ ಮಕ್ಕಳ ಬಣ್ಣದ ಬ್ರಷ್, ಸಣ್ಣದು. ಸುಳಿಯಲ್ಲಿ ದ್ರವ ನಿಂತರೆ ಟಿಶ್ಯೂ ತುದಿಯಿಂದ ಹೀರಿ ತೆಗೆಯಿರಿ. ಫಲೆನಾಪ್ಸಿಸ್ ಸುಳಿಯಲ್ಲಿ ರಾತ್ರಿಯಿಡೀ ತೇವ ನಿಂತರೆ ಕೊಳೆತು ಗಿಡವೇ ಹೋಗುತ್ತದೆ.

ಎಚ್ಚರಿಕೆ: ಸ್ಪಿರಿಟ್ ಬೆಂಕಿ ಹಿಡಿಯುತ್ತದೆ. ಅಡುಗೆಮನೆಯಲ್ಲಿ, ದೇವರ ದೀಪದ ಹತ್ತಿರ, ಊದಿನಕಡ್ಡಿ ಉರಿಯುವಾಗ ಬೇಡ. ಸ್ಪ್ರೇ ಬಾಟಲಿಗೆ ತುಂಬಿ ಮನೆಯೊಳಗೆ ಹೊಡೆಯುವುದಂತೂ ಬೇಡವೇ ಬೇಡ. ಕಿಟಕಿ ತೆರೆದಿರಲಿ. ಬಿಸಿಲಿನಲ್ಲಿರುವ ಗಿಡಕ್ಕೂ ಹಚ್ಚಬೇಡಿ.

ಈಗ ಎಲ್ಲರೂ ಸೋಲುವ ಜಾಗ. ಒಂದು ಸಲ ಒರೆಸಿ, ಹೋಯ್ತು ಅಂತ ಗಿಡವನ್ನು ವಾಪಸ್ ಸಾಲಿಗೆ ಇಡುತ್ತೇವೆ. ಮೊಟ್ಟೆ ಉಳಿದಿರುತ್ತದೆ. 7 ದಿನಕ್ಕೊಮ್ಮೆ, ಕನಿಷ್ಠ 4 ಸಲ ಮಾಡಿ. ಕೊನೆಯ ಎರಡು ಸಲ ಒಂದೂ ಕಾಣದಿದ್ದರೆ ಮಾತ್ರ ಗೆದ್ದಿರಿ. ನಾಲ್ಕು ವಾರದ ನಂತರವೂ ಎಲೆ ಬುಡದಲ್ಲಿ ಹೊಸದು ಬರುತ್ತಲೇ ಇದ್ದರೆ ಮೂಲ ಬೇರಿನಲ್ಲಿದೆ. ಕುಂಡದಿಂದ ಬಿಡಿಸಿ, ಹಳೇ ತೆಂಗಿನ ಸಿಪ್ಪೆ, ಇದ್ದಿಲು ಎಲ್ಲ ಕವರಿಗೆ ಕಟ್ಟಿ ಎಸೆಯಿರಿ, ಬಾಲ್ಕನಿಯ ಬೇರೆ ಕುಂಡಕ್ಕೆ ಸುರಿಯಬೇಡಿ. ಬೇರನ್ನು ನೀರಿನ ಧಾರೆಯಲ್ಲಿ ತೊಳೆದು, ಸತ್ತ ಬೇರು ಕತ್ತರಿಸಿ, ಹೊಸ ಮೀಡಿಯಾದಲ್ಲಿ (ಕುಂಡಕ್ಕೆ ತುಂಬುವ ಸಿಪ್ಪೆ, ಇದ್ದಿಲಿನ ಮಿಶ್ರಣ) ಕೂರಿಸಿ. ಕುಂಡ ಹಳೆಯದೇ ಆದರೆ ಬಿಸಿನೀರು, ಬ್ರಷ್.

ಕಂದು ಅಥವಾ ಬಿಳಿ ಚಿಪ್ಪು, ಅಲುಗಾಡುವುದಿಲ್ಲ

ಉಗುರು ಹಾಕಿ ಎಬ್ಬಿಸಿ. ಕಿತ್ತು ಬಂದರೆ ಚಿಪ್ಪು ಹುಳು, ಬಾರದಿದ್ದರೆ ಎಲೆಯದೇ ಗಾಯದ ಕಲೆ. ಕಂದು, ಉಬ್ಬಿದ, ಸುತ್ತ ಅಂಟು ಇದ್ದರೆ ಮೆತ್ತನೆ ಚಿಪ್ಪಿನದು. ಚಪ್ಪಟೆ, ಬಿಳಿಚು, ಅಂಟಿಲ್ಲದಿದ್ದರೆ ಗಟ್ಟಿ ಚಿಪ್ಪಿನದು. ಕ್ಯಾಟ್ಲಿಯಾಗೆ ಬರುವ ಗಟ್ಟಿ ಚಿಪ್ಪಿನ ಒಂದು ಜಾತಿ ತುಂಬಾ ಮೋಸಗಾರ. ಅದರ ಗಂಡು ಹುಳುಗಳು ಗುಂಪಾಗಿ ಸೇರಿ ಥೇಟ್ ಹತ್ತಿಯ ಹಾಗೆ ಕಾಣುತ್ತವೆ, ಜನ ಹಿಟ್ಟು ತಿಗಣೆ ಅಂದುಕೊಳ್ಳುತ್ತಾರೆ. ಹತ್ತಿ ಪಕ್ಕದಲ್ಲಿ ಸಣ್ಣ ದುಂಡು ಚಿಪ್ಪುಗಳಿವೆಯಾ ನೋಡಿ, ಇದ್ದರೆ ಇದೇ.

ಔಷಧಿ ಚಿಪ್ಪಿನೊಳಗೆ ಹೋಗುವುದಿಲ್ಲ, ಅದಕ್ಕೇ ಇಲ್ಲಿ ಕೈಕೆಲಸವೇ ಮುಖ್ಯ. ಒಣಗಿದ ಸಿಪ್ಪೆಯನ್ನೆಲ್ಲ ಸುಲಿದು ತೆಗೆಯಿರಿ. ಮೆತ್ತನೆ ಹಳೇ ಟೂತ್ ಬ್ರಷ್ ಸ್ಪಿರಿಟಿನಲ್ಲಿ ಅದ್ದಿ ಉಜ್ಜಿ. ಸತ್ತ ಚಿಪ್ಪೂ ಅಲ್ಲೇ ಅಂಟಿಕೊಂಡಿರುವುದರಿಂದ, ಉಜ್ಜಿ ತೆಗೆಯದಿದ್ದರೆ ಮುಂದಿನ ವಾರ ಹೊಸದು ಯಾವುದು ಹಳೆಯದು ಯಾವುದು ಅಂತ ಗೊತ್ತಾಗುವುದಿಲ್ಲ. ಮೊಟ್ಟೆಯಿಂದ ಹೊರಟ ಮರಿಗಳು ಚಿಪ್ಪಿಲ್ಲದೆ ನಡೆದಾಡುತ್ತವೆ, ಎಣ್ಣೆ ಮತ್ತು ಸೋಪಿಗೆ ಸಾಯುವುದು ಆಗ. ಹಾಗಾಗಿ ಉಜ್ಜಿದ ಮೇಲೆ ವಾರಕ್ಕೊಂದು ಸೋಪು ಅಥವಾ ಬೇವಿನೆಣ್ಣೆ ಸಿಂಪಡಣೆ (ಮಾಡುವ ಬಗೆ ಕೆಳಗಿದೆ), ಒಂದೂವರೆ ತಿಂಗಳು. ತಾಳ್ಮೆ ಬೇಕು.

ಎಲೆ ಕಳೆಗುಂದಿದೆ, ಬೆಳ್ಳಿಯಂಥ ಸಣ್ಣ ಚುಕ್ಕೆ, ಹುಳ ಮಾತ್ರ ಕಾಣುವುದಿಲ್ಲ

ನುಸಿ. ಫೆಬ್ರವರಿಯಿಂದ ಮೇ ತನಕ ಇದರ ಕಾಲ. ಬಿಸಿ, ಒಣ ಗಾಳಿ, ಕದಲದ ಮೂಲೆ ಇದಕ್ಕೆ ಇಷ್ಟ. ಮಲೆನಾಡಿನ ಅಂಗಳದ ಮರಕ್ಕೆ ಕಟ್ಟಿದ ಕಾಡು ಆರ್ಕಿಡ್ ಸೀತಾಳೆ ದಂಡೆಗೆ ಇದರ ಕಾಟ ಕಡಿಮೆ, ಮಳೆಯೇ ತೊಳೆಯುತ್ತದೆ. ನಮ್ಮ ಡ್ರಾಯಿಂಗ್ ರೂಮಿನ ಡೆಂಡ್ರೋಬಿಯಂಗೆ ಯಾರು ತೊಳೆಯುತ್ತಾರೆ?

ಎರಡು ಥರ ಇವೆ. ಜೇಡ ನುಸಿ ಎಲೆ ಕೆಳಗಿರುತ್ತದೆ, ಜಾಸ್ತಿಯಾದಾಗ ತೆಳು ಬಲೆ ಕಟ್ಟುತ್ತದೆ. ಟಾರ್ಚ್ ಅಡ್ಡ ಹಿಡಿದರೆ ಬಲೆ ಹೊಳೆಯುತ್ತದೆ. ಇನ್ನೊಂದು ಚಪ್ಪಟೆ ಕೆಂಪು ನುಸಿ, ಫಲೆನಾಪ್ಸಿಸ್‌ಗೆ ಬರುವುದು ಹೆಚ್ಚಾಗಿ ಇದೇ. ಅರ್ಧ ಮಿಲಿಮೀಟರಿಗಿಂತ ಚಿಕ್ಕದು, ಬಲೆ ಕಟ್ಟುವುದಿಲ್ಲ, ಎಲೆಯಲ್ಲಿ ಸೂಜಿಯಿಂದ ಚುಚ್ಚಿದಂಥ ತಗ್ಗು ಮಾಡುತ್ತದೆ. ತಗ್ಗುಗಳು ಆಮೇಲೆ ಕಂದಾಗುತ್ತವೆ. ಈ ಬಳಗದ ಕೆಲವು ನುಸಿಗಳು ಆರ್ಕಿಡ್‌ನ ಒಂದು ಚುಕ್ಕೆ ವೈರಸ್ಸನ್ನೂ ಹರಡುತ್ತವೆ, ಹಾಗಾಗಿ ನಿರ್ಲಕ್ಷ್ಯ ಬೇಡ.

ಮೊದಲ ಮದ್ದು ನೀರು. ಬೆಳಗಿನ ಹೊತ್ತು ಬಚ್ಚಲಿಗೆ ಒಯ್ದು ಎಲೆಯ ಎರಡೂ ಬದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಧಾರೆ ಬಿಡಿ. ಸಂಜೆಯೊಳಗೆ ಸುಳಿ ಒಣಗಿರಬೇಕು. ಬೇಸಿಗೆಯಲ್ಲಿ ನುಸಿ ಮೊಟ್ಟೆಯಿಂದ ದೊಡ್ಡದಾಗಲು ವಾರ, ಹತ್ತು ದಿನ ಸಾಕು, ಅದಕ್ಕೇ ಇಲ್ಲಿ 7 ದಿನದ ಲೆಕ್ಕ ನಡೆಯುವುದಿಲ್ಲ. 4–5 ದಿನಕ್ಕೊಮ್ಮೆ ಮಾಡಿ, 4 ಸಲ. ಬಿದ್ದ ಬೆಳ್ಳಿ ಕಲೆ ಮತ್ತೆ ಹಸಿರಾಗುವುದಿಲ್ಲ. ಹೊಸ ಎಲೆ ಶುಭ್ರವಾಗಿ ಬರುತ್ತಿದೆಯಾ ಅನ್ನುವುದೇ ಅಳತೆ.

ನೀರಿಗೆ ಬಗ್ಗದಿದ್ದರೆ ಸೋಪು ಅಥವಾ ಬೇವು. ಅದಕ್ಕೂ ಬಗ್ಗದಿದ್ದರೆ ನುಸಿಗೆಂದೇ ಇರುವ ಔಷಧಿ, ಸ್ಪೈರೊಮೆಸಿಫೆನ್, ಅಬಾಮೆಕ್ಟಿನ್ ಥರದ್ದು. ಅಂಗಡಿಯವರು ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ ಕೊಟ್ಟು ಕಳಿಸಿದರೆ ತರಬೇಡಿ, ಅದು ನುಸಿಗೆ ಅಲ್ಲ. ಗಂಧಕ ನುಸಿಗೆ ಹಳೇ ಮದ್ದು, ನಿಜ. ಆದರೆ ಸೆಕೆ 32 ಡಿಗ್ರಿ ದಾಟಿದಾಗ ಎಲೆ ಸುಡುತ್ತದೆ, ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೆ ಹಾಕಿದರೂ ಸುಡುತ್ತದೆ. ನುಸಿ ಬರುವುದೇ ಸೆಕೆಯಲ್ಲಿ. ಹಾಗಾಗಿ ನಾನು ಗಂಧಕದ ತಂಟೆಗೆ ಹೋಗುವುದಿಲ್ಲ.

ಹೂವಿನ ಅಂಚು ಕಂದು, ಮೊಗ್ಗು ಸೊಟ್ಟ

ಹೂವಿಗೆ ಮೆಲ್ಲನೆ ಉಸಿರು ಊದಿ. ಸಣ್ಣ ಗೆರೆಯಂಥ ಹುಳ, ಹಳದಿಯೋ ಕಪ್ಪೋ, ಒಳಗಿಂದ ಎದ್ದು ಓಡಾಡಿದರೆ ಥ್ರಿಪ್ಸ್. ಎಸಳಿನ ಮೇಲೆ ಬೆಳ್ಳಿ ಗೀರು, ಪಕ್ಕದಲ್ಲಿ ಕರಿ ಚುಕ್ಕೆಯಂಥ ಹಿಕ್ಕೆ ಇರುತ್ತದೆ. ಮನಸ್ಸು ಗಟ್ಟಿ ಮಾಡಿಕೊಂಡು ಹಾಳಾದ ಹೂವು, ಮೊಗ್ಗು ಕತ್ತರಿಸಿ, ಜಿಪ್ ಕವರಿನಲ್ಲಿ ಹಾಕಿ ಎಸೆಯಿರಿ. ಹುಳ ಅಡಗಿರುವುದು ಮಡಿಚಿದ ಎಸಳಿನೊಳಗೆ, ಅಲ್ಲಿಗೆ ಯಾವ ಸ್ಪ್ರೇಯೂ ಹೋಗುವುದಿಲ್ಲ. ಪೊರೆಹುಳುವಿನ (ಪ್ಯೂಪಾ) ಹಂತವನ್ನು ಇವು ಮೀಡಿಯಾದಲ್ಲಿ ಕಳೆಯುವುದರಿಂದ ಕುಂಡದ ಮೇಲ್ಪದರವನ್ನೂ ಬದಲಿಸಿ. ನೀಲಿ ಅಂಟು ಹಾಳೆ ತೂಗುಹಾಕಿ. ಅದು ಹುಳ ಮುಗಿಸುವುದಿಲ್ಲ, ಎಷ್ಟಿವೆ ಅಂತ ಲೆಕ್ಕ ಹೇಳುತ್ತದೆ.

ಡೆಂಡ್ರೋಬಿಯಂ ಮೊಗ್ಗು ಹಳದಿಯಾಗಿ ಮೆತ್ತಗೆ ಕೊಳೆಯುತ್ತಿದ್ದರೆ ಒಂದನ್ನು ಬ್ಲೇಡಿನಿಂದ ಸೀಳಿ ನೋಡಿ. ಒಳಗೆ ಬಿಳಿ ಹುಳುಗಳು ಹೊರಳಾಡುತ್ತಿದ್ದರೆ ಅದು ಮೊಗ್ಗು ನೊಣದ ಮರಿ. ಕೆಳಗೆ ಬಿದ್ದವನ್ನೂ ಹೆಕ್ಕಿ ಎಲ್ಲ ಮೊಗ್ಗನ್ನೂ ನಾಶ ಮಾಡಿ, ಇಲ್ಲವಾದರೆ ಮೀಡಿಯಾಕ್ಕೆ ಇಳಿದು ಮತ್ತೆ ನೊಣವಾಗಿ ಬರುತ್ತವೆ.

ಕುಂಡ ಮುಟ್ಟಿದರೆ ಸಣ್ಣ ಕಪ್ಪು ನೊಣ, ಅಥವಾ ಬೇರಿನ ಹಸಿರು ತುದಿ ಮಾಯ

ಕಪ್ಪು ನೊಣ ಗಿಡಕ್ಕೆ ದೊಡ್ಡ ಹಾನಿ ಮಾಡುವುದಿಲ್ಲ, ಆದರೆ ನಿಮಗೊಂದು ಸುದ್ದಿ ಹೇಳುತ್ತದೆ: ಮೀಡಿಯಾ ಕೊಳೆತಿದೆ, ನೀರು ಜಾಸ್ತಿಯಾಗಿದೆ. ಕುಂಡ ಬದಲಿಸುವ ಸಮಯ. ನೀರು ಹಾಕಿದಾಗ ಪಟಪಟ ಹಾರುವ ಬೂದು ಚುಕ್ಕೆಗಳೂ ಅಷ್ಟೇ, ಕೊಳೆತದ್ದನ್ನು ತಿಂದುಕೊಂಡಿರುತ್ತವೆ, ಬಿಡಿ.

ಬೇರಿನ ತುದಿ ಕತ್ತರಿಸಿದ ಹಾಗೆ ಇಲ್ಲವಾಗಿದ್ದರೆ ರಾತ್ರಿ ಹತ್ತು ಗಂಟೆಗೆ ಟಾರ್ಚ್ ಹಿಡಿದು ಹೋಗಿ. ಬಸವನ ಹುಳು, ಅದರ ಚಿಪ್ಪಿಲ್ಲದ ಬಂಧು, ಇಲ್ಲವೇ ಜಿರಳೆ. ಹೌದು, ಜಿರಳೆಗೆ ಆರ್ಕಿಡ್ ಬೇರಿನ ತುದಿ, ಹೂವು ಎರಡೂ ಪಕ್ವಾನ್ನ. ಸೌತೆಕಾಯಿ ಹೋಳು ಕುಂಡದ ಮೇಲಿಟ್ಟು ಬೆಳಿಗ್ಗೆ ತೆಗೆದರೆ ಅದರಡಿ ಬಸವನ ಹುಳುಗಳು ಸಿಗುತ್ತವೆ. ಗುಳಿಗೆ ವಿಷ ಹಾಕುವ ಯೋಚನೆ ಇದ್ದರೆ, ಮನೆಯಲ್ಲಿ ನಾಯಿ ಇದ್ದವರು ಆ ಯೋಚನೆ ಬಿಡಿ. ಮೆಟಾಲ್ಡಿಹೈಡ್ ಗುಳಿಗೆ ನಾಯಿಯನ್ನು ಕೊಲ್ಲುತ್ತದೆ.

ಔಷಧಿ ಹೊಡೆಯಲೇಬೇಕಾದರೆ

ಸೋಪು ಮೊದಲು. ಆದರೆ ಯಾವ ಸೋಪು? ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಪುಡಿ ಇವೆಲ್ಲ ಡಿಟರ್ಜೆಂಟ್, ಎಲೆಯ ಮೇಣ ತೆಗೆದು ಸುಡುತ್ತವೆ. ಗಿಡಕ್ಕೆಂದೇ ಮಾಡಿದ ಪೊಟ್ಯಾಶಿಯಂ ಸೋಪು ಸಿಗುತ್ತದೆ. ಹೇಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೂಪಿಸಿದ ಬೇವಿನ ಸೋಪು, ಹೊಂಗೆ ಸೋಪು ಇವೆ. ಅವು ತೋಟದ ಬೆಳೆಗೆಂದು ಮಾಡಿದವು, ಹಾಗಾಗಿ ಪ್ಯಾಕೆಟ್ ಮೇಲಿನ ಪ್ರಮಾಣವನ್ನು ಮೀರಬೇಡಿ. ನಾನಂತೂ ಲೀಟರಿಗೆ 5 ಗ್ರಾಂ ದಾಟುವುದಿಲ್ಲ. ಇನ್ನೊಂದು ಗುಟ್ಟು ನೀರಿನದು. ಬೋರ್‌ವೆಲ್ಲಿನ ಗಡಸು ನೀರಿಗೆ ಸೋಪು ಹಾಕಿದರೆ ಅದು ಸುಣ್ಣದ ಜೊತೆ ಸೇರಿ ಕೆನೆ ಕಟ್ಟುತ್ತದೆ, ಹುಳ ಕೊಲ್ಲುವ ಶಕ್ತಿ ಹೋಗುತ್ತದೆ. 'ಸೋಪು ಹೊಡೆದೆ, ಏನೂ ಆಗಲಿಲ್ಲ' ಅನ್ನುವ ಎಷ್ಟೋ ಮನೆಗಳ ದೂರಿಗೆ ಕಾರಣ ಇದೇ ಇರಬೇಕು. ಮಳೆ ನೀರು ಅಥವಾ ಫಿಲ್ಟರಿನ ಆರ್‌ಒ ನೀರು ಬಳಸಿ.

ಬೇವಿನ ಎಣ್ಣೆ ಲೀಟರಿಗೆ 5 ಮಿಲಿ. ಮೊದಲು ಉಗುರುಬೆಚ್ಚಗಿನ ಸ್ವಲ್ಪ ನೀರಿನಲ್ಲಿ ಗಿಡದ ಸೋಪು ಕರಗಿಸಿ, ಎಣ್ಣೆ ಹಾಕಿ ಮಜ್ಜಿಗೆ ಬಣ್ಣ ಬರುವವರೆಗೆ ಕುಲುಕಿ, ಆಮೇಲೆ ಉಳಿದ ನೀರು ಸೇರಿಸಿ. ಮೇಲೆ ಎಣ್ಣೆ ತೇಲುತ್ತಿದ್ದರೆ ಹೊಡೆಯಬೇಡಿ, ಅದು ಬಿದ್ದ ಕಡೆ ಎಲೆ ಸುಡುತ್ತದೆ. ಮಾಡಿದ್ದನ್ನು ಆವತ್ತೇ ಮುಗಿಸಿ. ಬಿಸಿಲು ಇಳಿದ ಮೇಲೆ, ಹೂವು ಬಿಟ್ಟು, ಎಲೆ ಕೆಳಗೆ. ಸುಳಿಗೆ ಬಿದ್ದದ್ದನ್ನು ಒರೆಸಿ. ಆ ರಾತ್ರಿ ಮನೆಯವರು ವಾಸನೆ ಬಗ್ಗೆ ಏನಾದರೂ ಹೇಳುತ್ತಾರೆ, ಕೇಳಿಸಿಕೊಳ್ಳಿ.

ಹೊಗೆಸೊಪ್ಪಿನ ಕಷಾಯ ಊರ ಕಡೆ ಹೊಲಕ್ಕೆ ಹೊಡೆಯುತ್ತಾರೆ ಅಂತ ಮನೆಯೊಳಗೆ ತರಬೇಡಿ. ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಇಳಿಯುವ ವಿಷ.

ಅಂಗಡಿ ರಾಸಾಯನಿಕ ಕೊನೆಗೆ, ಅದೂ ಟೆರೇಸಿನಲ್ಲಿ, ಮನೆಯೊಳಗಲ್ಲ. ಡಬ್ಬಿ ಮೇಲಿನ ಬಣ್ಣದ ಗುರುತು ನೋಡಿ: ಕೆಂಪು ಅತಿ ಘೋರ, ಆಮೇಲೆ ಹಳದಿ, ನೀಲಿ, ಹಸಿರು ಕೊನೆಯದು. ಹಸಿರು ಅಂದರೂ ವಿಷವೇ. ಮನೆಯ ಆರ್ಕಿಡ್‌ಗೆ ಕೆಂಪು, ಹಳದಿ ಬೇಡ ಅಂತ ನನ್ನ ಖಚಿತ ಮಾತು, ಒಂದು ಗಿಡಕ್ಕೆ ಅಷ್ಟು ಬೆಲೆ ಇಲ್ಲ. ಲೇಬಲ್ ಇಲ್ಲದೆ ಸಣ್ಣ ಬಾಟಲಿಗೆ ಸುರಿದು ಕೊಟ್ಟರೆ ತಗೋಬೇಡಿ. ಕೈಗವಸು, ಮಾಸ್ಕ್, ಪೂರ್ತಿ ತೋಳಿನ ಅಂಗಿ. ಎರಡು ಔಷಧಿ ಬೆರೆಸಬೇಡಿ. ಮಕ್ಕಳು, ಬಸುರಿಯರು ಹತ್ತಿರ ಇರಬಾರದು. ಪರ್ಮೆಥ್ರಿನ್ ಅನ್ನುವ ಕೀಟನಾಶಕ ಬೆಕ್ಕಿಗೂ ಮೀನಿಗೂ ಮಾರಕ. ತಂಪು ಪಾನೀಯದ ಬಾಟಲಿಯಲ್ಲಿ ಉಳಿದದ್ದನ್ನು ತುಂಬಿಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ತಲೆಸುತ್ತು, ವಾಕರಿಕೆ, ಕಣ್ಣು ಮಂಜಾಗುವುದು ಶುರುವಾದರೆ ಕೆಲಸ ನಿಲ್ಲಿಸಿ ಗಾಳಿಗೆ ಬನ್ನಿ, ಬಟ್ಟೆ ಬದಲಿಸಿ ಮೈ ತೊಳೆಯಿರಿ, 108ಕ್ಕೆ ಕರೆ ಮಾಡಿ, ಆಸ್ಪತ್ರೆಗೆ ಹೋಗುವಾಗ ಡಬ್ಬಿಯನ್ನೂ ಒಯ್ಯಿರಿ. ವೈದ್ಯರಿಗೆ ಬೇಕಾದದ್ದು ಆ ಲೇಬಲ್.

ಎಲ್ಲಿ ನಿಲ್ಲಿಸಬೇಕು

ಆಯಾ ಹುಳಕ್ಕೆ ಮೇಲೆ ಹೇಳಿದಷ್ಟು ಸುತ್ತು ಸರಿಯಾಗಿ ಮಾಡಿದ ಮೇಲೂ ಕಡಿಮೆಯಾಗದಿದ್ದರೆ ನೀವು ಗುರುತಿಸಿದ್ದೇ ತಪ್ಪಿರಬಹುದು. ಇನ್ನೊಂದು ಸುತ್ತು ಬೇಡ. ಹುಳವಿರುವ ಎಲೆಯ ತುಂಡನ್ನು ಜಿಪ್ ಕವರಿನಲ್ಲಿ ಹಾಕಿ, ಪಕ್ಕದಲ್ಲೊಂದು ನಾಣ್ಯ ಇಟ್ಟು ಫೋಟೋ ತೆಗೆದು, ಬೆಂಗಳೂರಿನವರಾದರೆ ಹೇಸರಘಟ್ಟದ ಸಂಸ್ಥೆಯಲ್ಲಿ ಅಥವಾ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ಕೀಟಶಾಸ್ತ್ರ ವಿಭಾಗದಲ್ಲಿ ಕೇಳಿ. ಬೇರೆ ಊರಿನವರಿಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಇದೆ.

ಹುಳ ಒಂದೂ ಇಲ್ಲ, ಆದರೆ ಎಲೆಯಲ್ಲಿ ಉಂಗುರ, ಕಪ್ಪು ಗೆರೆ, ತಿಳಿ-ಗಾಢ ಹಸಿರಿನ ಚಿತ್ತಾರ, ಹೊಸ ಎಲೆಗೂ ಅದೇ ಅಂದರೆ ವೈರಸ್ ಅನುಮಾನ. ಅದಕ್ಕೆ ಮದ್ದಿಲ್ಲ. ಪರೀಕ್ಷೆ ಮಾಡಿಸಿ, ಇಲ್ಲವೇ ಗಿಡ ಎಸೆಯಿರಿ. ಅದು ಕತ್ತರಿಯ ಮೇಲಿನ ರಸದಿಂದ ಹರಡುತ್ತದೆ, ಅದಕ್ಕೇ ನಾನು ಒಂದು ಗಿಡಕ್ಕೆ ಒಂದು ಹೊಸ ಬ್ಲೇಡು ಬಳಸುತ್ತೇನೆ. ಸುಳಿ ಕೊಳೆತು, ಬೇರೆಲ್ಲ ಟೊಳ್ಳಾಗಿ, ಉಳಿದ ಒಂದೆಲೆ ತುಂಬ ಚಿಪ್ಪು ಹುಳು ಇರುವ ಗಿಡವನ್ನು ಉಳಿಸಲು ಹೋಗಿ ಬಾಕಿ ಒಂಬತ್ತಕ್ಕೆ ಹಚ್ಚಿಕೊಳ್ಳುವುದರಲ್ಲಿ ಅರ್ಥವಿಲ್ಲ. ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ, ಮನೆಯ ಕಾಂಪೋಸ್ಟಿಗೆ ಬೇಡ.

ಹೊಸ ಗಿಡ

ಜನವರಿ, ಆಗಸ್ಟಿನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಿದ ಹುಮ್ಮಸ್ಸಿನಲ್ಲಿ ಎಲ್ಲೋ ಒಂದು ಆರ್ಕಿಡ್ ಕೊಂಡು ತಂದು ಸೀದಾ ಹಳೇ ಗಿಡಗಳ ನಡುವೆ ಇಡುತ್ತೇವೆ. ನಮ್ಮ ಮನೆಗೆ ಬಂದ ಹುಳಗಳಲ್ಲಿ ಹೆಚ್ಚಿನವು ಹಾಗೇ ಬಂದವು. ಈಗ ಹೊಸದು ಮೊದಲು ಬಚ್ಚಲುಮನೆಯ ಕಿಟಕಿಗೆ ಹೋಗುತ್ತದೆ, 4 ವಾರ, ಪ್ರತಿ ಭಾನುವಾರ ಟಾರ್ಚ್ ತಪಾಸಣೆ. ಸದ್ಯ ಅಲ್ಲಿ ಒಂದು ಆನ್ಸಿಡಿಯಂ ಕೂತಿದೆ. ಮೂರು ವಾರ ಏನೂ ಕಾಣಲಿಲ್ಲ. ನಿನ್ನೆ ಹಿಂದಿನ ಗಡ್ಡೆಯ ಒಣ ಸಿಪ್ಪೆ ಸುಲಿದಾಗ ಸಾಸಿವೆಗಿಂತ ಚಿಕ್ಕ ಎರಡು ಬಿಳಿ ಚಿಪ್ಪು ಸಿಕ್ಕವು. ಬ್ರಷ್ ಹಾಕಿ ತೆಗೆದೆ, ಕ್ಯಾಲೆಂಡರಿನಲ್ಲಿ ಹಳೇ ಗುರುತು ಹೊಡೆದುಹಾಕಿ ಮತ್ತೆ ಒಂದನೇ ವಾರ ಅಂತ ಬರೆದೆ.